ಕಡೇ ಗಾಡಿಯವನು ಹಾಕದೆ ಬಂದ ಕೊಂಡಿ

ನಾನು ಹತ್ತೊಂಬತ್ತು ವರ್ಷ ಕಡೇ ಗಾಡಿ ಓಡಿಸಿದವನು. ಜೀಪುಗಳನ್ನು ಸಾಲಾಗಿ ಬಿಟ್ಟುಕೊಂಡು ಬಂಡಿಜಾಡು, ಒಣಗಿದ ಕೆರೆಯಂಗಳ, ಹಿನ್ನೀರಿನ ಕೆಸರು ಅಂತ ಸುತ್ತುವ ಪಟ್ಟಣದವರ ತಂಡಗಳಿವೆಯಲ್ಲ, ಅವರ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಬರುವ ಗಾಡಿ ನನ್ನದು. ಮುಂದಿನವನಿಗೆ ಫೋಟೊ, ನಡುವಿನವರಿಗೆ ಮೋಜು, ಕಡೆಯವನಿಗೆ ಅಷ್ಟೂ ಜನರ ಧೂಳು. ಕೆಟ್ಟು ನಿಂತ ಗಾಡಿ ಎಳೆಯುವವನು ನಾನು, ಅವರು ಬಿಸಾಡಿದ ಬಾಟಲಿ ಆಯುವವನು ನಾನು, ಅವರು ತೆಗೆದ ಗೇಟು ಹಾಕುವವನೂ ನಾನೇ.

ಈಗ ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳ ಎಷ್ಟೋ ಜನ ಇದೇ ಕೆಲಸಕ್ಕೆ ಸೇರುತ್ತಿದ್ದಾರೆ. "ಶಿವಣ್ಣ, ಏನೇನ್ ಕಲೀಬೇಕು, ವಸಿ ಯೋಳಿ" ಅಂತ ಕೇಳುತ್ತಾರೆ. ಬರೆದೇ ಕೊಡುತ್ತೇನೆ ಅಂದೆ. ನನ್ನನ್ನು ನಾನು ಹೊಗಳಿಕೊಳ್ಳುವುದಕ್ಕಲ್ಲ. ಒಂದು ಬೇಲಿಯ ಕೊಂಡಿಯನ್ನು ನಾನು ಹಾಕದೆ ಬಂದೆ. ಅದಕ್ಕೆ ಆರು ವರ್ಷ ಬೈಸಿಕೊಂಡವರು ಕಾಳೇಗೌಡರು, ಆ ಜಮೀನಿನ ಯಜಮಾನರು. ಅದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳಿದರೆ ನಾನು ಇನ್ನೊಂದು ಸಲ ಸುಳ್ಳು ಹೇಳಿದ ಹಾಗೆ. ಆದರೆ ಕೆಲಸ ಏನು ಅಂತ ತಿಳಿಯದೆ ತಪ್ಪು ಎಷ್ಟು ದೊಡ್ಡದು ಅಂತ ತಿಳಿಯುವುದಿಲ್ಲ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದವರು ಹುಣಸೂರಿನ ಮೆಕ್ಯಾನಿಕ್ ರಹೀಮ್ ಸಾಬರು. ಅದಕ್ಕೂ ಮೊದಲು ನಾನು ಗುರುಪುರದ ಕಡೆಯಿಂದ ಜನರನ್ನೂ ಜೋಳದ ಮೂಟೆಗಳನ್ನೂ ಒಂದೇ ಜೀಪಿನಲ್ಲಿ ತುಂಬಿ ಸಂತೆಗೆ ಹೊಡೆಯುತ್ತಿದ್ದೆ. ಹಾಗಾಗಿ ನನಗೆ ಎಲ್ಲ ಗೊತ್ತು ಅನ್ನುವ ಕೊಬ್ಬು. ತಂಡದ ಜತೆ ಹೋದ ಮೊದಲ ಸಲವೇ ಕೆಸರಿನಲ್ಲಿ ಹೂತ ಗಾಡಿಯ ಬಂಪರಿಗೆ ಹಗ್ಗ ಕಟ್ಟಿ ಎಳೆದೆ. ಗಾಡಿ ಅಲ್ಲೇ ಇತ್ತು, ಬಂಪರು ಮಾತ್ರ ಕಿತ್ತು ಹಾರಿ ಬಂದು ನನ್ನ ಜೀಪಿನ ಹಿಂಬಾಗಿಲಿಗೆ ಬಡಿಯಿತು. ಎರಡು ಗೇಣು ಅತ್ತ ಸರಿದಿದ್ದರೆ ಅಲ್ಲಿ ನಿಂತು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದ ಹೆಣ್ಣುಮಗಳ ತಲೆ ಒಡೆಯುತ್ತಿತ್ತು. ಗಾಡಿಯನ್ನು ಸಾಬರ ಹತ್ತಿರ ತಂದೆ.

"ಅರೇ ಶಿವಣ್ಣ, ನೀನು ಎಳೀಬೇಕಾಗಿದ್ದು ಗಾಡಿ, ಬಂಪರ್ ಅಲ್ಲ," ಅಂದರು ಸಾಬರು. ನಗಲಿಲ್ಲ. "ಎಳೆಯೋಕೆ ಅಂತ ಚಾಸಿಸ್‌ನಲ್ಲಿ ಹುಕ್ ಕೊಟ್ಟಿರ್ತಾರೆ, ಅದಕ್ಕೆ ಕಟ್ಟು. ಕಟ್ಟೋಕೆ ಮುಂಚೆ ಜನಾನ ದೂರ ಕಳ್ಸು. ಕಟ್ಟಿದ ಮೇಲೆ ಕೈಯಿಟ್ಟು ನೋಡು. ಇನ್ನೊಬ್ರು 'ನಾನು ಕಟ್ಟಿದೀನಿ' ಅಂದ್ರೆ ನಂಬಬೇಡ. ನೀನೇ ಕೈಯಿಟ್ಟು ನೋಡು."

ಹತ್ತೊಂಬತ್ತು ವರ್ಷದ ವಿದ್ಯೆ ಇಷ್ಟೇ. ಇದನ್ನು ನಾನು ಒಂದು ಸಂಜೆ ಬಿಟ್ಟು ಎಲ್ಲ ದಿನ ಪಾಲಿಸಿದೆ.

ಹೊರಡುವ ಮುಂಚಿನ ತಯಾರಿಯ ಮಾತು ಬಂದರೆ ನನಗೆ ಈಗಲೂ ಪಿತ್ತ ಕೆರಳುತ್ತದೆ. ಹಿಂದಿನ ದಿನವೇ ಡೀಸೆಲ್ ತುಂಬಿಸಿಕೊಂಡು ಬನ್ನಿ, ಸ್ಟೆಪ್ನಿಗೆ ಗಾಳಿ ಇದೆಯೇ ನೋಡಿ, ಜಾಕ್, ವೀಲ್ ಸ್ಪ್ಯಾನರ್, ಗುದ್ದಲಿ, ಕುಡಿಯುವ ನೀರು, ನೀವು ನುಂಗುವ ಮಾತ್ರೆ ಇಟ್ಟುಕೊಳ್ಳಿ ಅಂತ ಚೀಟಿ ಕಳಿಸಿದರೆ ಓದುವವರು ಯಾರು? ಒಬ್ಬ ಮಹಾನುಭಾವರು ಗಾಡಿಯಲ್ಲಿ ಫ್ರಿಜ್ಜು, ಮಡಚುವ ಕುರ್ಚಿ, ಮಾಂಸ ಸುಡುವ ಒಲೆ ಎಲ್ಲ ತಂದಿದ್ದರು. ಹಂಪಾಪುರ ದಾಟಿ ಒಳದಾರಿಗೆ ಇಳಿದ ಕೂಡಲೇ ಪಂಕ್ಚರ್. "ಜಾಕ್ ಎಲ್ಲಿ ಸಾರ್?" ಅಂದೆ. "ಒಲೆಗೆ ಜಾಗ ಸಾಲಲಿಲ್ಲ, ಮನೇಲಿ ತೆಗೆದಿಟ್ಟೆ," ಅಂದರು, ಏನೋ ಜಾಣತನ ಮಾಡಿದವರ ಹಾಗೆ. ಅವರ ಗಾಡಿಯ ನಟ್ಟಿಗೆ ನಮ್ಮ ಯಾರ ಸ್ಪ್ಯಾನರೂ ಕೂರಲಿಲ್ಲ. ಎಂಟು ಗಾಡಿ, ಇಪ್ಪತ್ತೆರಡು ಜನ, ಮಾರ್ಚಿ ತಿಂಗಳ ಬಿಸಿಲಿನಲ್ಲಿ ಮೂರು ಗಂಟೆ ನಿಂತರು. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿ ತಲೆ ತಿರುಗಿ ಕೂತುಬಿಟ್ಟರು. ಫ್ರಿಜ್ಜಿನಲ್ಲಿ ಬಿಯರು ಮಾತ್ರ ತಣ್ಣಗಿತ್ತು. ನಿನ್ನ ತಯಾರಿ ನಿನಗಾಗಿ ಅಲ್ಲ, ಹಿಂದೆ ಮುಂದೆ ಇರುವವರಿಗಾಗಿ ಅಂತ ಇಂಥವರಿಗೆ ಯಾವ ಬಾಯಲ್ಲಿ ಹೇಳುವುದು?

ಇನ್ನು ಊರವರ ಜತೆಗಿನ ನಡವಳಿಕೆ. ಪಿರಿಯಾಪಟ್ಟಣದ ಕಡೆ ಒಂದು ಊರಿನಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿನ ಮುಂದೆ ಹೆಂಗಸರು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಕೂತಿದ್ದರು. ನಮ್ಮ ಏಳು ಗಾಡಿಗಳು ಅವರ ಪಕ್ಕದಲ್ಲೇ ಬುರ್ರನೆ ಹೋದವು. ಸೊಪ್ಪಿನ ಮೇಲೆ ಕೆಂಪು ಧೂಳು ಕೂತಿತು. ಧೂಳು ಕೂತ ಎಲೆಗೆ ಹರಾಜಿನಲ್ಲಿ ಬೆಲೆಯಿಲ್ಲ. ಕಡೆಗೆ ಬಂದ ನನ್ನ ಜೀಪಿಗೆ ಒಬ್ಬ ಹೆಂಗಸು ಅಡ್ಡ ನಿಂತಳು.

"ನಿಮ್ ಮನೇಲಿ ಅನ್ನ ಬೇಯ್ತಾ ಇರೋ ತಪ್ಪಲೆಗೆ ನಾನ್ ಬಂದು ಮಣ್ಣ್ ಎರಚ್ಲಾ? ಎರಚುದ್ರೆ ಸುಮ್ಕಿರ್ತೀರಾ?"

"ತಪ್ಪಾಯ್ತು ಕಣವ್ವ," ಅಂದೆ.

"ತಪ್ಪು ಮಾಡ್ದೋರು ಮುಂದ್ಕೆ ಓದ್ರು, ನೀನ್ಯಾಕಪ್ಪ ಕೈ ಮುಗೀತೀಯ!" ಅಂದಳು.

ಈ ಕೆಲಸಕ್ಕೆ ಬರುವ ಎಲ್ಲರೂ ಈ ಮಾತನ್ನು ಚೆನ್ನಾಗಿ ಕೇಳಿಸಿಕೊಳ್ಳಬೇಕು. ಮುಂದಿನವರು ಮಾಡಿದ್ದಕ್ಕೆ ಕಡೆಯವನು ಕೈ ಮುಗಿಯಬೇಕು. ಮನೆ ಕಂಡರೆ, ದನ ಕಂಡರೆ, ಕಣ ಕಂಡರೆ ನಡೆಯುವ ವೇಗಕ್ಕೆ ಇಳಿಯಿರಿ ಅಂತ ನಾನು ಪ್ರತಿ ಸಲ ಗಂಟಲು ಹರಿದುಕೊಂಡಿದ್ದೇನೆ.

ಮೊದಮೊದಲು ವಾಕಿಟಾಕಿ ಇರಲಿಲ್ಲ. ಒಂದೇ ನಿಯಮ: ದಾರಿ ಕವಲೊಡೆದರೆ, ಹಿಂದಿನ ಗಾಡಿ ಕಣ್ಣಿಗೆ ಬೀಳುವ ತನಕ ತಿರುಗಬೇಡ. ಎಲ್ಲರೂ ತಮ್ಮ ಹಿಂದಿನವನಿಗಾಗಿ ಕಾಯುತ್ತಿದ್ದರು. ತಡವಾಗುತ್ತಿತ್ತು, ಆದರೆ ಯಾರೂ ಕಳೆದುಹೋಗುತ್ತಿರಲಿಲ್ಲ. ನೀರು ಅಡ್ಡ ಬಂದರೆ ಮುಂದಿನವನು ಪ್ಯಾಂಟು ಮಡಚಿ, ಕೋಲು ಹಿಡಿದು, ನಡೆದು ನೋಡಿ ಬರುತ್ತಿದ್ದ. ಆಮೇಲೆ ವಾಕಿಟಾಕಿ ಬಂತು, ಫೋನಿನಲ್ಲಿ ನಕ್ಷೆ ಬಂತು, ಮೇಲೆ ಹಾರುವ ಕ್ಯಾಮೆರಾ ಬಂತು. ಕಣ್ಣಿನಿಂದ ನೋಡುವುದು ನಿಂತು ಬಾಯಿಂದ ಕೇಳುವುದು ಶುರುವಾಯಿತು. "ಹಿಂದಿನೋರು ಬಂದ್ರಾ?" "ಬಂದ್ರು." ಯಾರು ನೋಡಿದರು? ಯಾರೂ ನೋಡಿಲ್ಲ.

ಈ ಹೊಸ ಕಾಲದಲ್ಲಿ ನಮ್ಮ ತಂಡದ ಯಜಮಾನ ಪ್ರಮೋದ್. ಮೈಸೂರಿನವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಗಾಡಿ ಓಡಿಸುವುದರಲ್ಲಿ ನಿಸ್ಸೀಮರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಿಂದಿನ ಕನ್ನಡಿ ಅವರಿಗೆ ಕ್ರಾಪು ಬಾಚಿಕೊಳ್ಳುವುದಕ್ಕೆ ಇತ್ತು, ಹಿಂದೆ ನೋಡುವುದಕ್ಕಲ್ಲ.

ಈಗ ಕಾಳೇಗೌಡರ ಗೇಟಿಗೆ ಬರುತ್ತೇನೆ.

ಕೋಟೆ ದಾಟಿ ಹಿನ್ನೀರಿನ ಕಡೆ ಗೌಡರದು ಎರಡು ಎಕರೆ ಬಾಳೆ. ಅತ್ತ ಕಾಡು, ಆದ್ದರಿಂದ ಜಮೀನಿಗೆ ಆನೆ ಬರದಂತೆ ಸೋಲಾರ್ ಬೇಲಿ. ಬಂಡಿ ಹೋಗುವ ಜಾಗದಲ್ಲಿ ಒಂದು ಬಿದಿರು ಗೇಟು. ಗೇಟಿನ ಅಡ್ಡಕ್ಕೆ ಬೇಲಿಯ ತಂತಿಗಳು. ಪ್ರತಿ ತಂತಿಯ ತುದಿಗೂ ಪ್ಲಾಸ್ಟಿಕ್ ಹಿಡಿ, ಅದರ ತುದಿಯಲ್ಲಿ ಕೊಂಡಿ. ಕೊಂಡಿಯನ್ನು ಕಂಬದ ಬಳೆಗೆ ಸಿಕ್ಕಿಸಿದರೆ ಕರೆಂಟು ಹರಿಯುತ್ತದೆ, ಬಿಚ್ಚಿದರೆ ಇಲ್ಲ. ಬಿದಿರು ಗೇಟು ದನಕ್ಕೆ, ತಂತಿ ಆನೆಗೆ. ತಂತಿಯಿಲ್ಲದ ಬಿದಿರು ಆನೆಗೆ ಹುಲ್ಲುಕಡ್ಡಿ. ಬೇಲಿಯ ಬ್ಯಾಟರಿ ಪೆಟ್ಟಿಗೆಯ ಬೀಗದ ಕೈ ಗೌಡರ ಉಡಿದಾರದಲ್ಲಿ ಸದಾ ತೂಗಾಡುತ್ತಿತ್ತು. ದಿನಾ ಸಂಜೆ ಐದಕ್ಕೆ ಹೋಗಿ, ಕೊಂಡಿಗಳನ್ನು ಒಂದೊಂದಾಗಿ ನೋಡಿ, ಪೆಟ್ಟಿಗೆ ತೆಗೆದು ಕರೆಂಟು ಬಿಟ್ಟು ಊರಿಗೆ ಬರುವುದು ಅವರ ಕೆಲಸ. ಎಪ್ಪತ್ತರ ಹತ್ತಿರದ ಮನುಷ್ಯ, ಒಂದು ದಿನ ತಪ್ಪಿಸಿದವರಲ್ಲ.

ನಾವು ಹಿನ್ನೀರಿಗೆ ಇಳಿಯಲು ಅವರ ಜಮೀನೇ ದಾರಿ. ಬೇರೆಯವರು ಒಪ್ಪದಿದ್ದಾಗ ಒಪ್ಪಿದವರು ಅವರು. ಒಂದೇ ಮಾತು ಹೇಳಿದ್ದರು.

"ಬಿಚ್ಚೋನು ಯಾರಾರ ಬಿಚ್ಕಳ್ಳಿ. ಆಕೋನು ನೀನೇ ಆಗ್ಬೇಕು ಕಣ್ ಶಿವಣ್ಣ. ನಂಗೆ ಇವರ್‍ಯಾರೂ ಗೊತ್ತಿಲ್ಲ, ನೀನು ಗೊತ್ತು."

ಬೆಳಿಗ್ಗೆ ಅವರ ಗೇಟಿನಿಂದ ಒಳಗೆ ಹೋದರೆ ಸಂಜೆ ಇನ್ನೊಂದು ಕಡೆಯಿಂದ ಕೋಟೆ ರಸ್ತೆಗೆ ಏರಿಬಿಡುತ್ತಿದ್ದೆವು. ಆ ದಿನ ಹಾಗಾಗಲಿಲ್ಲ. ಮಧ್ಯಾಹ್ನ ಮಳೆ ಬಂದು ಆ ಕಡೆಯ ಏರು ಜಾರುತ್ತಿತ್ತು. ಹಾಗಂತ ಬೇಗ ಹಿಂದಿರುಗಿದೆವಾ? ಇಲ್ಲ. ಸೂರ್ಯ ಮುಳುಗುವ ಚಿತ್ರ ಬೇಕು ಅಂತ ಪ್ರಮೋದ್ ಕ್ಯಾಮೆರಾ ಹಾರಿಸುತ್ತಾ ನಿಂತರು. ಬಂದ ದಾರಿಯಲ್ಲೇ ಗೌಡರ ಗೇಟಿಗೆ ವಾಪಸು ಬಂದಾಗ ಆರೂವರೆ. ಗೌಡರು ಆಗಲೇ ಕೊಂಡಿ ನೋಡಿ, ಕರೆಂಟು ಬಿಟ್ಟು, ನಾವು ಎಂದಿನಂತೆ ಆ ಕಡೆಯಿಂದ ಹೋಗಿರುತ್ತೇವೆ ಅಂದುಕೊಂಡು ಊರು ಸೇರಿದ್ದರು. ನಾನೇ ಇಳಿದು ಕೊಂಡಿ ಬಿಚ್ಚಿಕೊಟ್ಟೆ. ಒಂದೊಂದೇ ಗಾಡಿ ದಾಟಿತು. ನನ್ನ ಜೀಪೂ ದಾಟಿತು. ಹಿಂದೆ ಫೋಟೊ ತೆಗೆಯುತ್ತಾ ಉಳಿದಿದ್ದ ಒಂದು ಬಿಳಿ ಗಾಡಿ ಮಾತ್ರ ಬರಬೇಕಿತ್ತು. ಅಷ್ಟರಲ್ಲಿ ವಾಕಿಟಾಕಿಯಲ್ಲಿ ಪ್ರಮೋದ್ ಕೂಗಿದರು.

"ಶಿವಣ್ಣ, ಬೇಗ ಬನ್ನಿ! ಮುಂದಿನ ಗಾಡಿ ಚರಂಡಿಗೆ ಜಾರಿದೆ. ಎಳೆಯೋ ಬೆಲ್ಟ್ ನಿಮ್ಮ ಹತ್ರಾನೇ ಇದೆ."

ಬಿಳಿ ಗಾಡಿ ಬಂತು. ಓಡಿಸುತ್ತಿದ್ದವರು ಮೂವತ್ತು ಮೂವತ್ತೈದರ ಮನುಷ್ಯ, ಮೊದಲ ಸಲ ಬಂದವರು, ಪಾಪ, ಒಳ್ಳೆಯವರೇ. "ಸಾರ್, ಈಗ ನೀವೇ ಕಡೇ ಗಾಡಿ. ಪ್ಲಾಸ್ಟಿಕ್ ಹಿಡಿ ಹಿಡ್ಕೊಂಡು ಕೊಂಡಿಗಳನ್ನ ಸಿಕ್ಕಿಸಿ, ಆಮೇಲೆ ಗೇಟ್ ಹಾಕಿ. ಏನೂ ಆಗಲ್ಲ," ಅಂದೆ. "ಆಯ್ತು, ನೀವು ಹೋಗಿ," ಅಂದರು. ನಾನು ಹೋದೆ. ಚರಂಡಿಯಲ್ಲಿದ್ದ ಗಾಡಿ ಎಳೆದ ಮೇಲೆ ವಾಕಿಟಾಕಿಯಲ್ಲಿ ಕೇಳಿದೆ. "ಗೇಟ್ ಹಾಕಿದ್ರಾ ಸಾರ್?" "ಹಾಕಿದೆ." ಗೇಟು ಹಿಂದೆ ಒಂದೂವರೆ ಮೈಲಿ. ಸುಸ್ತಾಗಿತ್ತು. ಕೈಯಿಟ್ಟು ನೋಡಲು ಹಿಂದಿರುಗಲಿಲ್ಲ.

ಅವರು ಗೇಟು ಹಾಕಿದ್ದು ನಿಜ. ಬಿದಿರು ಗೇಟು. ಕೊಂಡಿಗಳನ್ನು ಮುಟ್ಟಿರಲಿಲ್ಲ. ಆವತ್ತು ಬೆಳಿಗ್ಗೆ ಪ್ರಮೋದ್ ಎಲ್ಲರನ್ನೂ ನಗಿಸುವುದಕ್ಕೆ, "ಆ ತಂತಿ ಮುಟ್ಟಿದ್ರೆ ನಿಮ್ಮ ಫೋಟೋಗೆ ಹಾರ ಹಾಕಬೇಕಾಗುತ್ತೆ," ಅಂದಿದ್ದರು. ಬಿಳಿ ಗಾಡಿಯ ಮನುಷ್ಯ ಅದನ್ನು ನಂಬಿದ್ದ. ಮಾರನೆಯ ಬೆಳಿಗ್ಗೆ ನಾನು ಫೋನು ಮಾಡಿ ಕೇಳಿದಾಗ ಅವನೇ ಹೇಳಿದ: "ಕರೆಂಟ್ ಅಂತ ಭಯ ಆಯ್ತು. ಗೇಟ್ ಹಾಕಿದ್ನಲ್ಲ, ಸಾಕು ಅಂದ್ಕೊಂಡೆ." ಅಷ್ಟರೊಳಗೆ ನಾನು ಗೌಡರ ಜಮೀನಿಗೆ ಹೊರಟಿದ್ದೆ, ಬಾಳೆಗೆ ಆನೆ ನುಗ್ಗಿದ ಸುದ್ದಿ ಕೋಟೆಯ ಟೀ ಅಂಗಡಿಗೆ ಬಂದಿತ್ತು.

ಇನ್ನು ಇಪ್ಪತ್ತು ದಿನಕ್ಕೆ ಗೊನೆ ಕಡಿಯಬೇಕಿದ್ದ ಬಾಳೆ. ಒಂದು ಗಿಡವೂ ನಿಂತಿರಲಿಲ್ಲ. ಬಿದಿರು ಗೇಟು ಸೀಳಿ ಬಿದ್ದಿತ್ತು. ರಾತ್ರಿ ಸುರಿದ ಮಳೆಗೆ ನಮ್ಮ ಚಕ್ರದ ಗುರುತೆಲ್ಲ ಅಳಿಸಿಹೋಗಿ, ಆನೆಯ ಹೆಜ್ಜೆಗಳಲ್ಲಿ ನೀರು ನಿಂತಿತ್ತು. ಕೊಂಡಿಗಳು ಕಂಬದ ಪಕ್ಕ ಜೋತುಬಿದ್ದಿದ್ದವು. ಊರಿನ ಹತ್ತಾರು ಜನ ಸೇರಿದ್ದರು. ಗೌಡರ ಹೆಂಡತಿ ಸಾಕಮ್ಮ ಎದೆ ಎದೆ ಬಡಿದುಕೊಳ್ಳುತ್ತಿದ್ದರು.

"ಈವಯ್ಯಂಗೆ ಗ್ಯಾನಾನೇ ಇಲ್ಲ ಕಣ್ರಪ್ಪ! ಕೊಂಡಿ ಆಕ್ದೆ ಕರೆಂಟ್ ಬುಟ್ಟು ಬಂದವ್ನೆ! ಮಗು ಸಾಕ್ದಂಗೆ ಸಾಕಿದ್ನಲ್ಲೋ ಶಿವನೇ, ಕಣ್ ಮುಂದೆ ನೆಲ ಕಚ್ಚೋಯ್ತಲ್ಲೋ!"

"ನಾನು ಕೊಂಡಿ ನೋಡ್ಕಂಡೇ ಬಂದಿವ್ನಿ ಕಣಮ್ಮಿ," ಅಂದರು ಗೌಡರು. "ಒಂದೊಂದೂ ಮುಟ್ಟಿ ನೋಡಿವ್ನಿ." ನನ್ನನ್ನು ಕಂಡು ಅವರ ಮುಖಕ್ಕೆ ಜೀವ ಬಂತು. "ಶಿವಣ್ಣ, ನೀವು ನೆನ್ನೆ ಆ ಕಡೆಯಿಂದ್ಲೇ ಓದ್ರಿ ಅಲ್ವಾ? ಇಂಗೇನೂ ಬರ್ನಿಲ್ಲ ತಾನೆ?"

ಅವರು ನನ್ನ ಮೇಲೆ ಅನುಮಾನಪಟ್ಟು ಕೇಳಲಿಲ್ಲ. ಬೇರೆ ಏನಾದರೂ ಕಾರಣ ಇರಬಹುದಾ ಅಂತ ಹುಡುಕುತ್ತಿದ್ದರು. ದಾರಿಯಲ್ಲಿ ಬರುವಾಗಲೇ ಪ್ರಮೋದ್ ಫೋನು ಮಾಡಿದ್ದರು: "ಶಿವಣ್ಣ, ನಾವು ಗೌಡರ ಗೇಟಿಂದ ವಾಪಸ್ ಬಂದಿದ್ದು ಯಾರೂ ನೋಡಿಲ್ಲ. ನೀವಾಗಿ ಬಾಯಿ ಬಿಡಬೇಡಿ. ಈ ದಾರಿ ಹೋದ್ರೆ ಎಲ್ಲಾ ದಾರೀನೂ ಹೋಯ್ತು, ನಿಮ್ಮ ಕೆಲಸಾನೂ ಹೋಯ್ತು."

"ಹೂಂ ಗೌಡ್ರೇ," ಅಂದೆ. "ಆ ಕಡೆಯಿಂದ್ಲೇ ಹೋದ್ವಿ."

ಗೌಡರು ತಲೆ ಆಡಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಆ ಬರೆಯನ್ನು ನನ್ನ ಕೈಯಾರೆ ಎಳೆದೆ. ಸಾಕಮ್ಮ ಎಲ್ಲರ ಎದುರಿಗೇ ಗಂಡನ ಉಡಿದಾರದಿಂದ ಬೀಗದ ಕೈ ಕಿತ್ತುಕೊಂಡು ತಮ್ಮ ಸೆರಗಿನ ತುದಿಗೆ ಗಂಟು ಹಾಕಿದರು. "ಇನ್ಮೇಲೆ ಈ ಕೆಲ್ಸ ನಿಂಗೆ ಬ್ಯಾಡ," ಅಂದರು. ಗೌಡರು ತಡೆಯಲಿಲ್ಲ.

ಆಮೇಲೆ ನಾವು ಆ ದಾರಿಯಲ್ಲಿ ಎಷ್ಟೋ ಸಲ ಹೋದೆವು. ಸಂಜೆ ಸಂಜೆ ಸಾಕಮ್ಮನೇ ಬಂದು ಕರೆಂಟು ಬಿಡುತ್ತಿದ್ದರು. ಗೌಡರು ದೂರದಲ್ಲಿ ಬೇಲಿಯ ಹತ್ತಿರ ಹೋಗದೆ ನಿಂತಿರುತ್ತಿದ್ದರು. ಊರಿನ ಪಡ್ಡೆಗಳು, "ಗೌಡ್ರೇ, ಮನೆ ಬಾಗ್ಲು ಆಕ್ಕಂಡ್ ಬಂದ್ರಾ?" ಅಂತ ರೇಗಿಸುತ್ತಿದ್ದರು. ಮೊದಮೊದಲು ಗೌಡರು, "ಓಗ್ರಲಾ ನನ್ ಮಕ್ಳ" ಅನ್ನುತ್ತಿದ್ದರು. ಬರಬರುತ್ತಾ ನಿಜವಾಗಿಯೂ ಮನೆಗೆ ಹಿಂದಿರುಗಿ ಬಾಗಿಲು ನೋಡಿ ಬರಲು ಶುರು ಮಾಡಿದರು. ಹಸುವಿನ ಹಗ್ಗ ಕಟ್ಟಿ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಗಂಟು ಮುಟ್ಟುವುದನ್ನು ನಾನೇ ಕಣ್ಣಾರೆ ಕಂಡೆ. ಕಂಡೂ ಜೀಪು ಹತ್ತಿದೆ. ಹೇಡಿ ಅಂದರೆ ಬೇರೆ ಯಾರೂ ಅಲ್ಲ, ನಾನೇ. ಪ್ರಮೋದ್ ಹೇಳಿದರು ಅಂತ ಸುಮ್ಮನಿದ್ದೆ ಅನ್ನುವುದು ಅರ್ಧ ನಿಜ. ಮಿಕ್ಕರ್ಧ ಏನೆಂದರೆ, "ನೀನು ಗೊತ್ತು" ಅಂದಿದ್ದ ಮನುಷ್ಯನ ಎದುರು ಸಣ್ಣವನಾಗಲು ನನಗೆ ಇಷ್ಟವಿರಲಿಲ್ಲ.

ಮಂಡಿ ನೋವು ಹೆಚ್ಚಾಗಿ ಕ್ಲಚ್ ತುಳಿಯಲು ಆಗದೆ ಕೆಲಸ ಬಿಟ್ಟೆ. ತಂಡದವರು ಶಾಲು ಹೊದಿಸಿ ಹಾರ ಹಾಕಿದರು. "ಶಿವಣ್ಣ ಹಿಂದೆ ಇದ್ದಾರೆ ಅಂದ್ರೆ ನಮಗೆ ಹಿಂದೆ ನೋಡೋ ಚಿಂತೇನೇ ಇರಲಿಲ್ಲ," ಅಂತ ಪ್ರಮೋದ್ ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ನನಗೆ ಕೂತ ಕುರ್ಚಿ ಮುಳ್ಳಾಯಿತು. ಆ ವಾರವೇ ಬಸ್ಸು ಹತ್ತಿ ಕೋಟೆಗೆ ಹೋಗಿ, ಅಲ್ಲಿಂದ ಆಟೊ ಹಿಡಿದು ಗೌಡರ ಜಮೀನಿಗೆ ಹೋದೆ.

ಗಂಡ ಹೆಂಡತಿ ಇಬ್ಬರೂ ಪಂಪ್‌ಹೌಸ್ ನೆರಳಿನಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಮುದ್ದೆ ಉಂಡು ಹೋಗು ಅಂದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ವಾಪಸು ಬಂದಿದ್ದು, ಬಿಳಿ ಗಾಡಿ, ಕೊಂಡಿ, ಫೋನು, ನನ್ನ ಸುಳ್ಳು. ಸಾಕಮ್ಮನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

"ಥೂ ನಿನ್ ಜನ್ಮಕ್ಕೆ!" ಅಂದರು ಸಾಕಮ್ಮ. "ಬಾಳೆ ಓದ್ರೆ ಓಗ್ಲಿ, ಇನ್ನೊಂದ್ ಬೆಳೆ ಬೆಳೀಬೋದು. ಆರ್ ವರ್ಸ ನನ್ ಬಾಯಲ್ಲಿ ಏನೇನ್ ಅನ್ಸ್‌ಬುಟ್ಟೆ ನೀನು ಈವಯ್ಯನ್ನ! ಊರ್ ಮುಂದೆ ಬೀಗದ್ ಕೈ ಕಿತ್ಕಂಡ್ನಲ್ಲೋ ನಾನು!"

ನಾನು ಕೈ ಮುಗಿದೆ. ಈ ಸಲ ನನ್ನದೇ ತಪ್ಪಿಗೆ.

ಗೌಡರು ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ನಿಧಾನವಾಗಿ ಕೇಳಿದರು. "ಅಂಗಾರೆ ನಾನು ಆವತ್ತು ಆಕಿದ್ದು ದಿಟ?"

"ದಿಟ ಗೌಡ್ರೇ. ನಾನೇ ಬಿಚ್ಚಿದ್ದು."

"ನಂಗೆ ಗ್ಯಾಪಕ ಇತ್ತು ಕಣಪ್ಪ. ಒಂದೊಂದೂ ಮುಟ್ಟಿದ್ದು ಗ್ಯಾಪಕ ಇತ್ತು. ಎಲ್ರೂ ಯೋಳಿ ಯೋಳಿ, ಆಕ್ದೆ ಬಂದಿದ್ದೇ ಗ್ಯಾಪಕಕ್ಕೆ ಬರಕ್ಕೆ ಶುರುವಾಗೋಯ್ತು."

ಸಾಕಮ್ಮ ಸೆರಗಿನ ಗಂಟು ಬಿಚ್ಚಿದರು. ಗಂಟು ಬಿಗಿದುಹೋಗಿತ್ತು, ಹಲ್ಲು ಹಚ್ಚಿ ಬಿಚ್ಚಿದರು. ಬೀಗದ ಕೈಯನ್ನು ಗಂಡನ ಮುಂದೆ ಚಾಚಿದರು. "ತಗಳಿ. ನಿಮ್ದು ನೀವೇ ಇಟ್ಕಳಿ," ಅಂದರು. ಅವರು ಗಂಡನಿಗೆ ನೀವು ಅಂದದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು.

ಗೌಡರು ಕೈ ಚಾಚಲಿಲ್ಲ. "ನೀನೇ ಮಡಿಕ ಕಣಮ್ಮಿ. ಈಗ ನನ್ ಮ್ಯಾಲೆ ನಂಗೇ ನಂಬ್ಕೆ ಇಲ್ಲ," ಅಂದರು.

ಬಿಳಿ ಗಾಡಿಯವನನ್ನು ಬಯ್ಯಲಿಲ್ಲ, ಪ್ರಮೋದ್‌ನನ್ನು ಬಯ್ಯಲಿಲ್ಲ, ನನ್ನನ್ನೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊರಟೆ. ಬೆನ್ನ ಹಿಂದಿನಿಂದ ಗೌಡರು, ಯಾರಿಗೆ ಬೇಕಾದರೂ ಹೇಳುವ ಹಾಗೆ, "ಓಗ್ತಾ ಕೊಂಡಿ ಆಕ್ಕಂಡ್ ಓಗಪ್ಪ," ಅಂದರು.

ಗೇಟು ದಾಟಿ ಕೊಂಡಿಗಳನ್ನು ಒಂದೊಂದಾಗಿ ಸಿಕ್ಕಿಸಿದೆ. ಪ್ರತಿಯೊಂದನ್ನೂ ಎಳೆದು ನೋಡಿದೆ. ಬಿದಿರು ಗೇಟೂ ಹಾಕಿದೆ. ರಸ್ತೆಗೆ ಏರಿ ಆಟೊ ಹತ್ತುವಾಗ ತಿರುಗಿ ನೋಡಿದರೆ ಗೌಡರು ಕೋಲೂರಿಕೊಂಡು ಗೇಟಿನ ತನಕ ಬಂದಿದ್ದರು. ನಾನು ಹಾಕಿದ್ದ ಕೊಂಡಿಗಳನ್ನು ಮುಟ್ಟಿ ನೋಡಿ ಹಿಂದಿರುಗಿದರು. ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಮುಟ್ಟಿದರು.